ಬಿಳುಪಿನಲ್ಲಿ ಎಷ್ಟು ಬಿಳುಪು?

ಬಿಳುಪೆಂದರೆ ಬಣ್ಣವೇ ಇಲ್ಲದಿರುವುದೆಂದು ಅನೇಕರು ಬಗೆದಿರುತ್ತಾರೆ. ಹಳೆಯ ಬಿಳಿಯ ಕಾರಿಗೆ ಅಂಗೈಯಗಲದಷ್ಟು ಬಣ್ಣ ಹಚ್ಚಿಸಿ ನೋಡಿದವರಲ್ಲಿ ಮಾತ್ರ ಈ ಭ್ರಮೆ ಉಳಿಯಲಾರದು. ಹಾಲಿನ ಬಿಳುಪು ಬೇರೆ, ಕೆನೆಯದು ಬೇರೆ; ಸುಣ್ಣದ್ದು ಬೇರೆ, ಮಲ್ಲಿಗೆಯದು ಬೇರೆ. ನಿಘಂಟಿನಲ್ಲಿ ಇವು ಒಂದೇ ಮನೆಯ ಮಕ್ಕಳು; ಕಾರಿನ ಬಾಗಿಲ ಮೇಲೆ ಅಕ್ಕಪಕ್ಕ ನಿಂತರೆ ದಾಯಾದಿಗಳು.

ನಮ್ಮ ತಂದೆಯವರದು 1997ರ ಮಾರುತಿ 800. ಮೈಸೂರಿನಲ್ಲಿ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದಾಗ ಸಾಲ ಮಾಡಿ ಕೊಂಡದ್ದು. ಆ ಮಾದರಿಯ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ತಂದೆಯವರು ಮಾತ್ರ, ಹದಿನೈದು ವರ್ಷ ತುಂಬಿದಂದಿನಿಂದ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸುತ್ತ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಕಳೆದ ವರ್ಷ, ಎರಡೂ ಕಣ್ಣುಗಳಿಗೆ ಪೊರೆ ಬಂದಿದ್ದ ಕಾಲದಲ್ಲಿ, ಅವರು ಹಿಂದಕ್ಕೆ ತೆಗೆಯುತ್ತಿದ್ದಾಗ ಕಾರಿನ ಎಡಬಾಗಿಲು ಗೇಟಿನ ಕಂಬಕ್ಕೆ ಉಜ್ಜಿ ಬಣ್ಣ ಕಿತ್ತುಬಂದಿತು. "ಚಿಕ್ಕ ಗೀರು, ಇರಲಿ ಬಿಡಿ" ಎಂದರು ತಾಯಿಯವರು. ತಂದೆಯವರು ಒಪ್ಪಲಿಲ್ಲ. ಅವರ ಪಾಲಿಗೆ ಅದು, ಮೇಷ್ಟರಿಗೆ ಇನ್ನು ಕಣ್ಣು ಸಾಲದೆಂದು ಬೀದಿಯವರೆಲ್ಲ ಓದುವಂತೆ ಬರೆದ ಬರಹವಾಗಿದ್ದಿತು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದೊಡನೆ, "ಮೊದಲು ಆ ಬಾಗಿಲನ್ನು ಸರಿಮಾಡಿಸು" ಎಂದು ನನಗೆ ಅಪ್ಪಣೆಯಾಯಿತು.

ಕಾರಿನ ಪ್ರತಿಯೊಂದು ಬಣ್ಣಕ್ಕೂ ಕಾರ್ಖಾನೆಯವರು ಒಂದು ಸಂಕೇತವನ್ನಿಟ್ಟಿರುತ್ತಾರೆ. ಆ ಸಂಕೇತದಂತೆ ಬೆರೆಸಿದ ಬಣ್ಣವನ್ನು ನಮ್ಮ ಬಡಾವಣೆಯ ಪೇಂಟರು ಒಂದು ರಟ್ಟಿನ ತುಂಡಿಗೆ ಸ್ಪ್ರೇ ಮಾಡಿ, ಒಣಗಿಸಿ, ಬಾಗಿಲಿಗೆ ಹಿಡಿದರು. ಹಸಿ ಬಣ್ಣವನ್ನು ನಂಬಬಾರದಂತೆ. ಒಣಗಿದ ಮೇಲೆ ಅದರ ಛಾಯೆ ಬದಲಾಗುತ್ತದೆ. ರಟ್ಟು ಬೆಳ್ಳಗೆ ಹೊಳೆಯಿತು. ಅದರ ಪಕ್ಕದಲ್ಲಿ ಬಾಗಿಲು ಹಳೆಯ ಪುಸ್ತಕದ ಹಾಳೆಯಂತೆ ಕಂಡಿತು. ಆದರೆ ಬಿಸಿಲು ಕಾಣದ ಪೆಟ್ರೋಲ್ ಮುಚ್ಚಳದ ಒಳಮೈಗೆ ಅದೇ ರಟ್ಟು ತಾಳೆಯಾಯಿತು. "ಬಣ್ಣ ಕಾರಿಗೆ ಸರಿಯಾಗಿದೆ ಸಾರ್, ಕಾರಿನ ವಯಸ್ಸಿಗೆ ಸರಿಯಾಗಿಲ್ಲ" ಎಂದರು ಪೇಂಟರು. ಬಿಳಿಯ ಪುಡಿಯೇನೋ ಸುಲಭವಾಗಿ ಕೆಡುವುದಿಲ್ಲ. ಅದನ್ನು ಹಿಡಿದಿಟ್ಟಿರುವ ಅಂಟು ಬಿಸಿಲಿಗೂ ಗಾಳಿಗೂ ಸಿಕ್ಕಿ ಹಳದಿಗಟ್ಟುತ್ತದೆ.

ಅವರು ಬಾಗಿಲನ್ನು ಮೊದಲು ಪಾಲಿಷ್ ಹಾಕಿ ಉಜ್ಜಿದರು. ಇಲ್ಲವಾದರೆ ನಾವು ಬಣ್ಣಕ್ಕಲ್ಲ, ಕೊಳೆಗೆ ಜೋಡಿ ಹುಡುಕಿದಂತಾಗುತ್ತದೆ. ಬಳಿಕ ಎರಡನೆಯ ರಟ್ಟಿಗೆ ಒಂದೆರಡು ತೊಟ್ಟು ಹಳದಿ. ಮೂರನೆಯದಕ್ಕೆ ಅದರ ಜೊತೆಗೆ ಕಡ್ಡಿಯ ತುದಿಯಷ್ಟು ಕಪ್ಪು. ಅಂಗಡಿಯ ಟ್ಯೂಬ್ ಲೈಟಿನಡಿಯಲ್ಲಿ ಇವೆರಡೂ ಬಾಗಿಲಿಗೆ ಒಪ್ಪುವಂತೆಯೇ ಕಂಡವು. "ಬಿಸಿಲಿಗೆ ಹಿಡಿದು ನೋಡಿದಿರಾ?" ಎಂದು ಕೇಳಿದವಳು ನನ್ನ ಶ್ರೀಮತಿ. ಸೀರೆಗೆ ರವಿಕೆಯ ಬಟ್ಟೆ ಆರಿಸುವಾಗ ಅಂಗಡಿಯ ಬಾಗಿಲಾಚೆ ಹೋಗಿ ನೋಡದೆ ಅವಳು ದುಡ್ಡು ಕೊಟ್ಟದ್ದೇ ಇಲ್ಲ. ಒಂದು ಬೆಳಕಿನಲ್ಲಿ ಒಂದೇ ಎಂದು ಕಂಡ ಬಣ್ಣಗಳು ಮತ್ತೊಂದರಲ್ಲಿ ಬೇರೆಯಾಗುವುದನ್ನು ವಿಜ್ಞಾನಿಗಳು ಮೆಟಾಮೆರಿಸಂ ಎನ್ನುತ್ತಾರೆ. ನಮ್ಮ ಹೆಂಗಸರು ಅದನ್ನು ಹೆಸರಿಲ್ಲದೆಯೇ ಬಲ್ಲರು.

ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಮೂರು ರಟ್ಟುಗಳನ್ನೂ ತಂದೆಯವರ ಮುಂದಿಟ್ಟೆ. ಅವರು ಹೊಸ ಕಣ್ಣನ್ನು ಮುಚ್ಚಿ ಹಳೆಯ ಕಣ್ಣಿನಿಂದ ನೋಡಿ, "ಮೂರೂ ಒಂದೇ ಅಲ್ಲವೇನೋ?" ಎಂದರು. ಆಮೇಲೆ ಹಳೆಯದನ್ನು ಮುಚ್ಚಿ ಹೊಸ ಕಣ್ಣಿನಿಂದ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರವೂ ಹಳದಿಗಟ್ಟಿ ನೀಲಿಯ ಬೆಳಕನ್ನು ತಡೆಯುತ್ತದೆ. ಅದು ಮೆಲ್ಲಮೆಲ್ಲನೆ ಆಗುವುದರಿಂದ ನೋಡುವವನಿಗೇ ತಿಳಿಯುವುದಿಲ್ಲ. ಕಾರೂ ಕಣ್ಣೂ ಜೊತೆಯಾಗಿಯೇ ಮಾಗಿದ್ದುವು. "ನಮ್ಮ ಕಾರು ಇಷ್ಟು ಹಳದಿಯಾಗಿದೆಯೇ?" ಎಂದರು ಕೊನೆಗೆ.

ಕಾರಿಗೆಲ್ಲ ಹೊಸ ಬಿಳುಪನ್ನೇ ಹೊಡೆಸೋಣವೆಂದು ನಾನು ಸೂಚಿಸಿದೆ. ಅವರು ತಲೆಯಾಡಿಸಿ ಮೂರನೆಯ ರಟ್ಟನ್ನು ಕೈಗೆತ್ತಿಕೊಂಡರು. "ಬೇಡಪ್ಪ. ಈಗ ಹೇಗಿದೆಯೋ ಅದಕ್ಕೆ ಹೊಂದುವುದನ್ನೇ ಹಚ್ಚಲಿ" ಎಂದರು.

ಪೇಂಟರು ಬಣ್ಣವನ್ನು ಗೀರಿನ ಅಂಚಿಗೇ ನಿಲ್ಲಿಸದೆ, ಸುತ್ತಲೂ ತೆಳುವಾಗಿ ಹರಡಿದರು; ಹೊಸದು ಎಲ್ಲಿ ಮುಗಿದು ಹಳೆಯದು ಎಲ್ಲಿ ತೊಡಗಿತೆಂದು ಕಣ್ಣಿಗೆ ಗೊತ್ತಾಗದು. ಈ ಹೊಂದಿಕೆ ಶಾಶ್ವತವೇನಲ್ಲ. ಹೊಸ ಬಣ್ಣ ತನ್ನ ವೇಗದಲ್ಲಿ ಮಾಗುತ್ತದೆ, ಹಳೆಯದು ತನ್ನ ವೇಗದಲ್ಲಿ. ಮುಂದೊಮ್ಮೆ ತೇಪೆ ಕಂಡೀತು. ಕಂಡಾಗ ನೋಡಿದರಾಯಿತು ಎನ್ನುತ್ತಾರೆ ತಂದೆಯವರು. ಅವರ ಎರಡನೆಯ ಕಣ್ಣಿನ ಪೊರೆಯೂ ಈಗ ಹೋಗಿದೆ. ಹಗಲಿನಲ್ಲಿ ಕಾರನ್ನು ತಾವೇ ನಡೆಸುತ್ತಾರೆ. ದೀಪ ಹಚ್ಚುವ ಹೊತ್ತಾಯಿತೆಂದರೆ, ಯಾರೂ ಕೇಳದಿದ್ದರೂ, ಬೀಗದಕೈಯನ್ನು ನನ್ನ ಕೈಯಲ್ಲಿಡುತ್ತಾರೆ.