ಲಿಂಗನಮಕ್ಕಿಯ ತಳಕ್ಕೊಂದು ವಿಮಾನಯಾನ

ಭೂಮಿಯನ್ನು ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಚೌಕಗಳಾಗಿ ಕತ್ತರಿಸಿದರೆ ನಮ್ಮ ಕಡೆಯ ಚೌಕಕ್ಕೆ ಬರುವ ಹೆಸರು 'ಎನ್14ಇ074'. ಕಾರವಾರ, ಕುಮಟಾ, ಹೊನ್ನಾವರ, ಶಿರಸಿ, ಜೋಗ ಎಲ್ಲವೂ ಈ ಒಂದೇ ಚೌಕದೊಳಗೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಕೊಟ್ಟ ಹೆಸರು ಇದು. ಇದೇ ಚೌಕಕ್ಕೆ ನಮ್ಮ ಸರ್ವೇ ಆಫ್ ಇಂಡಿಯಾದವರು ಅದಕ್ಕೂ ಎಷ್ಟೋ ಮೊದಲೇ '48 ಜೆ' ಅಂತ ಹೆಸರಿಟ್ಟಿದ್ದರು. ಕಳೆದ ಎರಡು ವರ್ಷಗಳಿಂದ ನನ್ನ ಶನಿವಾರ, ಭಾನುವಾರಗಳು ಹೆಚ್ಚಾಗಿ ಈ ಚೌಕದಲ್ಲೇ ಕಳೆಯುತ್ತಿವೆ. ನಾನಿರುವುದು ಮಾತ್ರ ಹೈದರಾಬಾದಿನ ನಿಜಾಂಪೇಟೆಯಲ್ಲಿ.

ನನಗೆ ಫ್ಲೈಟ್ ಸಿಮ್ಯುಲೇಟರಿನ ಹುಚ್ಚು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶ ಅದು. ಆಟ ಅಂತ ಮನೆಯವರು ಹೇಳುತ್ತಾರೆ, ಅಲ್ಲ ಅಂತ ನಾನು ವಾದಿಸುತ್ತೇನೆ. ಫ್ಲೈಟ್‌ಗಿಯರ್ ಎನ್ನುವ ಉಚಿತ, ಮುಕ್ತ ಆಕರದ ಸಿಮ್ಯುಲೇಟರ್ ನನ್ನದು. ಅದರಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣದಿಂದ ಹೊರಟು ಹುಸೇನ್ ಸಾಗರದ ಮೇಲೆ ಒಂದು ಸುತ್ತು ಹಾಕಿ ಬರಬಹುದು. ಹಾಗೆ ಹಾರುತ್ತ ಹಾರುತ್ತ ಒಂದು ದಿನ ಜೋಗಕ್ಕೂ ಹೋದೆ. ಅಲ್ಲಿ ಜಲಪಾತವೇ ಇರಲಿಲ್ಲ. ಇದ್ದದ್ದು ಮಕ್ಕಳ ಜಾರುಬಂಡೆಯಂಥ ಒಂದು ಹಸಿರು ಇಳಿಜಾರು.

ಕಾರಣ ಸರಳ. 2000ದ ಫೆಬ್ರವರಿ 11ರಂದು ಎಂಡೆವರ್ ನೌಕೆ 60 ಮೀಟರ್ ಉದ್ದದ ಕಂಬವೊಂದನ್ನು ಚಾಚಿಕೊಂಡು, ಅದರ ಎರಡೂ ತುದಿಯ ಆಂಟೆನಾಗಳಿಂದ ರೇಡಾರ್ ಅಲೆ ಹಿಡಿಯುತ್ತ, ಹನ್ನೊಂದು ದಿನ ಭೂಮಿಯನ್ನು ಸುತ್ತಿತು. ಜಗತ್ತಿನ ಬಹುಪಾಲು ನೆಲದ ಎತ್ತರ ನಮಗೆ ಬಿಟ್ಟಿಯಾಗಿ ಸಿಕ್ಕಿದ್ದು ಆ ಹನ್ನೊಂದು ದಿನಗಳ ಕೆಲಸದಿಂದ. ಮೊದಲು ಸಿಕ್ಕ ದತ್ತಾಂಶದಲ್ಲಿ ಸುಮಾರು 90 ಮೀಟರಿಗೊಂದು ಬಿಂದು. ಒಂದು ಚೌಕಕ್ಕೆ 1201 ಸಾಲು, ಸಾಲಿಗೆ 1201 ಅಂಕಿ. 253 ಮೀಟರ್ ಧುಮುಕುವ ಜೋಗ ಅಂಥ ಎರಡು ಬಿಂದುಗಳ ನಡುವೆ ಬಿದ್ದರೆ ಇನ್ನೇನಾದೀತು? ಅದರ ಮೇಲೆ ಸಿಮ್ಯುಲೇಟರಿನವರು ಕಂಪ್ಯೂಟರಿಗೆ ಭಾರವಾಗಬಾರದೆಂದು ಬಿಂದುಗಳನ್ನು ಇನ್ನೂ ಕಳೆದು, ಉಳಿದವನ್ನು ತ್ರಿಕೋನಗಳಾಗಿ ಹೆಣೆದಿರುತ್ತಾರೆ. ಜೋಗದ ಬಂಡೆ ಆ ಹೆಣಿಗೆಯಲ್ಲಿ ಕರಗಿಹೋಗಿತ್ತು.

2014ರ ಕೊನೆಯಿಂದ ಹಂತಹಂತವಾಗಿ 30 ಮೀಟರಿನ ದತ್ತಾಂಶ ಬಿಡುಗಡೆಯಾಯಿತು. ಅದರಲ್ಲಿ ಒಂದು ಚೌಕಕ್ಕೆ 1 ಕೋಟಿ 29 ಲಕ್ಷಕ್ಕೂ ಹೆಚ್ಚು ಎತ್ತರಗಳು. ನಮ್ಮದೇ ಕಾರ್ಟೋಸ್ಯಾಟ್-1 ಉಪಗ್ರಹ ಎರಡು ಕ್ಯಾಮೆರಾಗಳಿಂದ, ನಮ್ಮ ಎರಡು ಕಣ್ಣುಗಳ ಹಾಗೆ, ಬೇರೆ ಬೇರೆ ಕೋನದಿಂದ ನೋಡಿ ಅಳೆದ ಎತ್ತರಗಳೂ 'ಭುವನ್' ತಾಣದಲ್ಲಿ ಸಿಗುತ್ತವೆ. ಅವನ್ನು ತಯಾರಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದು ಇಲ್ಲೇ ಬಾಲಾನಗರದಲ್ಲಿ, ನಮ್ಮ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ದೂರ. ನಮ್ಮೂರಿನ ಗುಡ್ಡಗಳ ಲೆಕ್ಕ ಬಾಲಾನಗರದಲ್ಲಿದೆ ಎಂದು ಗೊತ್ತಾದ ಮೇಲೆ ಆ ರಸ್ತೆಯ ಟ್ರಾಫಿಕ್ ಮೇಲಿನ ನನ್ನ ಸಿಟ್ಟು ಸ್ವಲ್ಪ ಕಡಿಮೆಯಾಗಿದೆ.

ಜೋಗವನ್ನು ಕಡಿದಾಗಿಸಲು ಒಂದು ತಿಂಗಳು ಹಿಡಿಯಿತು. ಅದಾದ ಮೇಲೆ ಅಪ್ಪಯ್ಯನನ್ನು ಕರೆದು ತೋರಿಸಿದೆ.

ಅಪ್ಪಯ್ಯ ಸಾಗರದಲ್ಲಿ ಶಾಲಾ ಮಾಸ್ತರರಾಗಿದ್ದವರು. ಅಮ್ಮ ಹೋದ ಮೇಲೆ ನಮ್ಮ ಜೊತೆ ಇದ್ದಾರೆ. ಜೋಗವನ್ನು ನೋಡಿದರು, ತಲೆಯಾಡಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮೇಲಕ್ಕೆ ಹೋದ್ರೆ ನಮ್ಮೂರು ಕಾಣ್ತದಾ?"

ಮೇಲಕ್ಕೆ ಹೋದರೆ ಕಾಣುವುದು ನೀರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಪ್ಪಯ್ಯನಿಗೆ ಆಗ ಹತ್ತು ವರ್ಷ, ಅವರ ಅಕ್ಕನಿಗೆ, ಅಂದರೆ ನನ್ನ ಅತ್ತೆಗೆ, ಹದಿನಾರು. ಮನೆ, ಗದ್ದೆ, ತೋಟ ಬಿಟ್ಟು ಲಾರಿ ಹತ್ತಿದವರಲ್ಲಿ ನಮ್ಮವರೂ ಇದ್ದರು. ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕಾಯಿತು. ಹಿನ್ನೀರಿನ ದಂಡೆಯ ಎಷ್ಟೋ ಹಳ್ಳಿಗಳು ಅದಾಗಿ ದಶಕಗಳ ಕಾಲ ಚಿಮಣಿ ದೀಪದಲ್ಲೇ ಇದ್ದವು. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಬದಲಿಗೆ ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಓಡಾಡುವ ಕುಟುಂಬಗಳಿವೆ. ಅದು ಬೇರೆಯೇ ಒಂದು ಕಥೆ.

ನೀರಿನ ಕೆಳಗಿನ ನೆಲವನ್ನು ಕಟ್ಟುವುದು ಹೇಗೆ? ರೇಡಾರ್ ಅಲೆ ನೀರಿನೊಳಗೆ ಇಳಿಯುವುದಿಲ್ಲ. ಅಷ್ಟೇ ಅಲ್ಲ, ದತ್ತಾಂಶವನ್ನು ಒಪ್ಪ ಮಾಡುವಾಗ ದೊಡ್ಡ ಕೆರೆ, ಜಲಾಶಯಗಳನ್ನೆಲ್ಲ ಒಂದೇ ಎತ್ತರಕ್ಕೆ ಚಪ್ಪಟೆ ಮಾಡಿಬಿಟ್ಟಿದ್ದಾರೆ. ನಮ್ಮೂರಿನ ಜಾಗದಲ್ಲಿ ಸಾಲುಸಾಲಾಗಿ ಅದೇ ಅಂಕಿ.

ದಾರಿ ತೋರಿಸಿದ್ದು ಅಪ್ಪಯ್ಯನ ಡೈರಿಗಳು. ಮಲೆನಾಡಿನವರಿಗೆ ಇದು ಗೊತ್ತಿರುತ್ತದೆ: ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಮೊದಲು ನೋಡುವುದು ಜಲಾಶಯದ ಮಟ್ಟ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಎಂಬುದು ನಮ್ಮ ಕಡೆ ಮಗ್ಗಿಯ ಹಾಗೆ ಮಕ್ಕಳಿಗೂ ಬಾಯಿಪಾಠ. ಅಪ್ಪಯ್ಯ ಅದನ್ನು ಓದಿ ಸುಮ್ಮನಾಗುವವರಲ್ಲ. ದಿನವೂ ಡೈರಿಯ ಮೂಲೆಯಲ್ಲಿ ಬರೆದಿಡುತ್ತಾರೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಪಕ್ಕದಲ್ಲಿ ಲಿಂಗನಮಕ್ಕಿಯ ಅಡಿ. ಹೈದರಾಬಾದಿಗೆ ಬಂದ ಮೇಲೂ ಮೊಬೈಲಿನಲ್ಲಿ ಪತ್ರಿಕೆ ಓದಿ ಬರೆಯುವುದನ್ನು ಬಿಟ್ಟಿಲ್ಲ. ಮುಳುಗಿದ ಊರಿನ ಮೇಲೆ ಇವತ್ತು ಎಷ್ಟು ನೀರಿದೆ ಎಂಬ ಲೆಕ್ಕ ಅದು.

ಇನ್ನೊಂದು ಕಡೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳಿವೆ. 2015ರಿಂದ ಈಚೆಗಿನವು ಯಾರಿಗಾದರೂ ಉಚಿತ. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ನೀರು ಕಪ್ಪಗೆ, ನೆಲ ಬೆಳ್ಳಗೆ ಕಾಣುತ್ತದೆ. ಹಾಗಾಗಿ ದಂಡೆ ಎಲ್ಲಿದೆ ಎಂದು ಗೆರೆ ಎಳೆಯುವುದು ಸುಲಭ. ಮಳೆಗಾಲದಲ್ಲಿ ಮೋಡ ಬಿಟ್ಟು ಬೇರೇನೂ ಕಾಣದು. ಆದರೆ ಅಕ್ಟೋಬರಿನಿಂದ ಮೇ ತನಕ ಆಕಾಶ ತಿಳಿ, ನೀರು ದಿನದಿನಕ್ಕೂ ಕೆಳಗೆ. ಯಾವುದೋ ಒಂದು ದಿನ ಡೈರಿಯಲ್ಲಿ 1790 ಅಡಿ ಎಂದಿದ್ದರೆ, ಆ ದಿನದ ಚಿತ್ರದಲ್ಲಿ ಕಾಣುವ ದಂಡೆಯುದ್ದಕ್ಕೂ ನೆಲದ ಎತ್ತರ 1790 ಅಡಿ. ಸರ್ವೇಯವರು ನಕ್ಷೆಯಲ್ಲಿ ಬರೆಯುವ ಸಮಾನ ಎತ್ತರದ ಗೆರೆಯನ್ನೇ ಪ್ರತಿ ಬೇಸಿಗೆಯಲ್ಲೂ ನೀರು ತಾನಾಗಿ ಬರೆದು ಬರೆದು ಅಳಿಸುತ್ತಿದೆ. ಡೈರಿಯ ತಾರೀಕಿಗೆ ಚಿತ್ರದ ತಾರೀಕು ಹೊಂದಿಸಿ, ಒಂದರ ಕೆಳಗೊಂದು ಗೆರೆ ಜೋಡಿಸಿದರೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಮೇಲೇಳುತ್ತದೆ. ಮಳೆ ಕೈಕೊಟ್ಟ ವರ್ಷಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದವು. ಅಂಥ ಬೇಸಿಗೆಗಳಲ್ಲಿ, ಲಿಂಗನಮಕ್ಕಿಗಿಂತ ಮುಂಚಿನ, ತಾನೂ ಮುಳುಗಿಹೋದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಜನ ನೋಡಲು ಹೋಗುತ್ತಾರೆ.

ಆದರೆ ಕಣಿವೆಯ ತೀರಾ ಕೆಳಭಾಗ ಯಾವ ಬರಗಾಲದಲ್ಲೂ ಹೊರಗೆ ಬಂದಿಲ್ಲ. ಅಲ್ಲಿಗೆ ಹಳೆಯ ನಕ್ಷೆಯೇ ಗತಿ. ಅಮೆರಿಕದ ಸೇನೆಯ ನಕ್ಷೆ ವಿಭಾಗ ಸರ್ವೇ ಆಫ್ ಇಂಡಿಯಾದ ನಕ್ಷೆಗಳನ್ನು ಆಧರಿಸಿ 1950ರ ದಶಕದಲ್ಲಿ ಅಚ್ಚು ಹಾಕಿದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ. ಅದರಲ್ಲಿ ಲಿಂಗನಮಕ್ಕಿಯ ನೀರಿಲ್ಲ. ಶರಾವತಿ ಇನ್ನೂ ಸಣ್ಣ ನೀಲಿ ಗೆರೆ. ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ 1830ರ ಎವರೆಸ್ಟ್ ಅಳತೆಯನ್ನು ನಂಬಿದವು, ಉಪಗ್ರಹಗಳದ್ದು ಬೇರೆ ಲೆಕ್ಕ. ಜರುಗಿಸಿ ಕೂರಿಸದಿದ್ದರೆ ಹೊಳೆ ಗುಡ್ಡ ಹತ್ತುತ್ತದೆ. ಆ ಎವರೆಸ್ಟ್ ಸಾಹೇಬ, ಪರ್ವತಕ್ಕೆ ಹೆಸರು ಬಂತಲ್ಲ, ಅದೇ ಮನುಷ್ಯ, 1818ರ ಕೊನೆಗೆ ಲ್ಯಾಂಬ್ಟನ್ನನ ಸರ್ವೇ ತಂಡ ಸೇರಿದ್ದು ಇದೇ ಹೈದರಾಬಾದಿನಲ್ಲಿ. ಇಷ್ಟೆಲ್ಲ ಆದರೂ ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್. ಮನೆ ಹುಡುಕುವ ಮಾತೇ ಇಲ್ಲ.

ಮನೆ ಎಲ್ಲಿತ್ತು ಎಂಬಲ್ಲಿಗೆ ಬಂದಾಗ ಜಗಳ ಶುರುವಾಯಿತು. ಮನೆ ಹಳ್ಳದ ಈಚೆ ದಡದಲ್ಲಿತ್ತು ಎಂದು ಅಪ್ಪಯ್ಯ. ಆಚೆ ದಡದಲ್ಲಿ ಎಂದು ಸಾಗರದಿಂದ ಫೋನಿನಲ್ಲಿ ಅತ್ತೆ. ಎರಡು ಜಾಗಗಳ ನಡುವೆ ಹೆಚ್ಚೆಂದರೆ 400 ಮೀಟರ್. "ಅವಳಿಗೆ ಮರೆವು ಬಂದಿದೆ ಮಾರಾಯ," ಎಂದು ಅಪ್ಪಯ್ಯ. "ಅವನಿಗೆ ಆಗ ಚಡ್ಡಿ ಹಾಕ್ಕಳಾಕೂ ಬರ್ತಿರ್ಲಿಲ್ಲ," ಎಂದು ಅತ್ತೆ. ಮೂರು ವಾರ ಇಬ್ಬರೂ ಮಾತು ಬಿಟ್ಟರು. ಅರವತ್ತು ವರ್ಷದ ಹಿಂದೆ ಮುಳುಗಿದ ಮನೆಗಾಗಿ ಎಪ್ಪತ್ತು ದಾಟಿದ ಇಬ್ಬರು ಮಾತು ಬಿಟ್ಟದ್ದು ನೋಡಿ, ಈ ಕೆಲಸಕ್ಕೆ ಕೈ ಹಾಕಬಾರದಿತ್ತೇನೋ ಎಂದು ನನ್ನ ಹೆಂಡತಿ ಹೇಳಿದಳು. ನಾನೂ ಸಿಮ್ಯುಲೇಟರ್ ತೆರೆಯುವುದನ್ನು ನಿಲ್ಲಿಸಿದೆ.

ಅವರಿಬ್ಬರೂ ಒಪ್ಪುವ ಸಂಗತಿ ಒಂದಿತ್ತು. ಅಂಗಳದಲ್ಲಿ ನಿಂತರೆ ಸಂಜೆ ಸೂರ್ಯ ಒಂದು ಮೊನಚು ಗುಡ್ಡದ ನೆತ್ತಿಯ ಹಿಂದೆ ಇಳಿಯುತ್ತಿದ್ದ. ಅಪ್ಪಯ್ಯ ದನ ಕಾಯಲು ಹೋಗುತ್ತಿದ್ದದ್ದು ಅದೇ ಗುಡ್ಡಕ್ಕೆ. ಅದೀಗ ಹಿನ್ನೀರಿನ ನಡುಗಡ್ಡೆ. ತಲೆ ಮಾತ್ರ ಮೇಲಿದೆ, ಹಾಗಾಗಿ ಅದರ ಜಾಗದ ಬಗ್ಗೆ ಅನುಮಾನವಿಲ್ಲ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲವಲ್ಲ, ಯಾವ ತಿಂಗಳು ಎಂದು ಇಬ್ಬರನ್ನೂ ಬೇರೆ ಬೇರೆ ಕೇಳಿದೆ. ಅಪ್ಪಯ್ಯನಿಗೆ ನೆನಪಿರಲಿಲ್ಲ. ಅತ್ತೆ ಕೂಡಲೇ ಹೇಳಿದರು: ದೀಪಾವಳಿ, ಗೋಪೂಜೆಯ ದಿನ, ದನಗಳಿಗೆ ಹಾರ ಕಟ್ಟಿ ಕೊಟ್ಟಿಗೆಗೆ ಹೊಡೆದುಕೊಂಡು ಬರುವ ಹೊತ್ತು.

ಸಿಮ್ಯುಲೇಟರಿನಲ್ಲಿ ತಾರೀಕು, ಗಂಟೆ ಕೊಟ್ಟರೆ ಸೂರ್ಯ ಇರಬೇಕಾದಲ್ಲೇ ಇರುತ್ತಾನೆ. ನವೆಂಬರ್ ಮೊದಲ ವಾರದ ಸಂಜೆ ಇಟ್ಟು, ನೀರು ತೆಗೆದ ಕಣಿವೆಯಲ್ಲಿ ಎರಡೂ ಜಾಗಗಳಿಂದ ನೋಡಿದೆ. ಗುಡ್ಡ ಸುಮಾರು ಮೂರು ಕಿಲೋಮೀಟರ್ ದೂರ. ಅಲ್ಲಿಂದ 400 ಮೀಟರ್ ಅಂದರೆ ಏಳು ಡಿಗ್ರಿಗೂ ಹೆಚ್ಚು. ದೀಪಾವಳಿಗೂ ಸಂಕ್ರಾಂತಿಗೂ ಸೂರ್ಯ ಮುಳುಗುವ ಜಾಗ ಸರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಅತ್ತೆ ಹೇಳಿದ ದಡದಿಂದ ಸೂರ್ಯ ನೆತ್ತಿಯ ಹಿಂದೆಯೇ ಇಳಿದ. ಅಪ್ಪಯ್ಯನ ದಡದಿಂದ ಪಕ್ಕಕ್ಕೆ ಸರಿದು ಇಳಿದ. ಅಲ್ಲಿ ನೆತ್ತಿಗೆ ಬರಬೇಕಾದರೆ ಸಂಕ್ರಾಂತಿಯ ಹೊತ್ತಾಗಬೇಕು.

ಇದೂ ಪೂರ್ತಿ ಸಾಕ್ಷಿಯಲ್ಲ. ತಳದ ನೆಲ ನಾನು ಊಹಿಸಿ ತುಂಬಿದ್ದು, ಅತ್ತೆಯ ನೆನಪು ಅತ್ತೆಯದು. ಅದನ್ನೇ ಅಪ್ಪಯ್ಯನಿಗೆ ಹೇಳಿದೆ. ಅವರು ಎರಡೂ ಸಂಜೆಗಳನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ಅವಳು ಹೇಳಿದ ಕಡೆನೇ ಇಡು. ಹಳ್ಳದಿಂದ ನೀರು ಹೊತ್ತವಳು ಅವಳು. ಎಷ್ಟು ದೂರ ಅಂತ ಅವಳ ಸೊಂಟಕ್ಕೆ ಗೊತ್ತು. ನಾನು ಬರೀ ಕುಡಿದವನು."

ಆ ರಾತ್ರಿ ಅವರೇ ಫೋನ್ ಮಾಡಿದರು. ಸೂರ್ಯನ ವಿಷಯ ಎತ್ತಲಿಲ್ಲ. ಅಡಿಕೆ ರೇಟು, ಮೊಣಕಾಲು ನೋವು ಅಂತ ಮುಕ್ಕಾಲು ಗಂಟೆ ಮಾತಾಡಿದರು.

ಈಗ ನನ್ನ ಬಳಿ ಒಂದೇ ಚೌಕದ ಎರಡು ಫೋಲ್ಡರುಗಳಿವೆ. ಒಂದರಲ್ಲಿ ನೀರಿದೆ, ಒಂದರಲ್ಲಿ ಇಲ್ಲ. ಫ್ಲೈಟ್‌ಗಿಯರ್‌ನಲ್ಲಿ ಯಾವ ಫೋಲ್ಡರನ್ನು ಮೊದಲು ಹೆಸರಿಸುತ್ತೇವೋ ಅದೇ ಕಾಣುತ್ತದೆ. ಮೂರನೇ ಕ್ಲಾಸಿನ ನನ್ನ ಮಗಳು ತನ್ನ ಊರು ನಿಜಾಂಪೇಟೆ ಎನ್ನುವವಳು, ಶಾಲೆಯಲ್ಲಿ ತೆಲುಗು ಕಲಿಯುತ್ತಾಳೆ. ಅಜ್ಜನ ಪಕ್ಕ ಕೂತು ಸೆಸ್ನಾ ಹಾರಿಸುವಾಗ ಮಾತ್ರ ಹಳ್ಳ, ದಿಬ್ಬ, ಸಾರ, ಬ್ಯಾಣ ಎನ್ನುವ ಮಾತುಗಳು ಅವಳ ಬಾಯಿಂದ ಬರುತ್ತವೆ. ಅಂಗಡಿಯಲ್ಲಿ ಸಿಗದ ಶಬ್ದಗಳು ಅವು. ಜಾಗ ಕಣ್ಣ ಮುಂದಿದ್ದರೆ ಮಾತ್ರ ಹುಟ್ಟುತ್ತವೆ.

ಅಪ್ಪಯ್ಯ ಸಾಮಾನ್ಯವಾಗಿ ನೀರಿರುವ ಫೋಲ್ಡರನ್ನೇ ಹಾಕಿಸುತ್ತಾರೆ. ನೀರಿಲ್ಲದ್ದನ್ನು ಯಾಕೆ ನೋಡುವುದಿಲ್ಲ ಎಂದರೆ, "ದಿನಾ ನೋಡಿದ್ರೆ ಅಭ್ಯಾಸ ಆಗ್ತದೆ" ಎನ್ನುತ್ತಾರೆ. ಲಿಂಗನಮಕ್ಕಿ ತುಂಬಿದರೆ ನೀರು ಸಮುದ್ರ ಮಟ್ಟದಿಂದ 554 ಮೀಟರ್. ಹುಸೇನ್ ಸಾಗರದ ಪೂರ್ಣ ಮಟ್ಟ 513. ನಮ್ಮೂರನ್ನು ಮುಳುಗಿಸಿದ ನೀರು ಹೈದರಾಬಾದಿನ ನೀರಿಗಿಂತ 41 ಮೀಟರ್ ಎತ್ತರದಲ್ಲಿದೆ ಎಂಬ ಲೆಕ್ಕ ಅವರಿಗೆ ಬಹಳ ಇಷ್ಟವಾಯಿತು. ಮರುದಿನವೇ ಕೆಳಗಿನ ಪಾರ್ಕಿನಲ್ಲಿ ವಾಕಿಂಗಿಗೆ ಬರುವ ತೆಲುಗು ಗೆಳೆಯರಿಗೆ ಹೇಳಿ ಬಂದರು.

ಸದ್ಯ ನನ್ನ ಮುಂದಿರುವ ಕೆಲಸ ಸಿಗಂದೂರಿನ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾದ 2.44 ಕಿಲೋಮೀಟರಿನ ಕೇಬಲ್ ಆಧಾರಿತ ಸೇತುವೆ. ಅದರ ಕಂಬ, ಕೇಬಲ್ಲುಗಳನ್ನು ಮೂರು ಆಯಾಮದಲ್ಲಿ ಕಟ್ಟಿ ನೀರಿನ ಮೇಲೆ ಕೂರಿಸಬೇಕು. ಅರ್ಧ ಕಟ್ಟಿದ್ದನ್ನು ಅಪ್ಪಯ್ಯ ನೋಡಿ ಒಂದು ತಿದ್ದುಪಡಿ ಹೇಳಿದ್ದಾರೆ. ಸೇತುವೆ ಬಂದಿದ್ದು ಒಳ್ಳೆಯದೇ, ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಕರಕೊಂಡು ಹೋಗಲು ಎಷ್ಟು ಕಷ್ಟವಿತ್ತು ಗೊತ್ತಾ ಎಂದು ಹೇಳಿ, ಕೊನೆಗೆ ಅಂದರು: "ಆದ್ರೆ ಲಾಂಚ್ ತೆಗೀಬೇಡ. ಒಂದಾದ್ರೂ ಓಡಾಡ್ತಿರ್ಲಿ."