ಮೇಜಿನ ಮೇಲಿನ ಕಲ್ಲು

ನನ್ನ ಓದುವ ಮೇಜಿನ ಮೇಲೆ ಗೇಣುದ್ದದ ಒಂದು ಕಲ್ಲಿದೆ. ಕಂದುಬಣ್ಣದ ಅದರ ಮೈಮೇಲೆ ಉದ್ದಕ್ಕೂ ಗೆರೆಗಳಿವೆ. ಕಂಡವರು ಅದನ್ನು ಹಲಸಿನ ಮರದ ತುಂಡೆಂದೇ ತಿಳಿಯುತ್ತಾರೆ. ಕೈಗೆತ್ತಿಕೊಂಡಾಗ ಅದರ ಭಾರಕ್ಕೆ ಬೆರಗಾಗುತ್ತಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಅದನ್ನು ‘ಕಲ್ಲಾದ ಮರ’ವೆಂದು ವಿದ್ಯಾರ್ಥಿಗಳಿಗೆ ತೋರಿಸುತ್ತ ಬಂದೆ. ಆ ಮಾತು ತಪ್ಪೆಂದು ತಿಳಿದದ್ದು ನಾನು ನಿವೃತ್ತನಾದ ಮೇಲೆ.

ನಾವು ಮೂವರು ಗೆಳೆಯರು. ಒಬ್ಬ ಭಟ್ಕಳದವನು, ಒಬ್ಬ ಹೊನ್ನಾವರದವನು, ನಾನು ಕುಮಟೆಯವನು. ಮೂವರೂ ಅಧ್ಯಾಪಕರು. ರಜೆ ಬಂತೆಂದರೆ ಹೆಗಲಿಗೆ ಚೀಲವೇರಿಸಿ ಕಲ್ಲು ಹುಡುಕಲು ಹೊರಡುವುದು ನಮ್ಮ ಹವ್ಯಾಸ. ಭಟ್ಕಳದ ಕೆಂಪು ಚಿರೇಕಲ್ಲು, ಯಾಣದ ಕರಿಯ ಸುಣ್ಣಕಲ್ಲು, ಕಡಲು ಉಜ್ಜಿ ನುಣುಪಾಗಿಸಿದ ಬೆಣಚು, ಯಾವುದೂ ನಮಗೆ ಬೇಡವಾಗಿರಲಿಲ್ಲ. ಹೀಗೆ ಒಂದು ಬೇಸಿಗೆಯಲ್ಲಿ ಗೇರುಸೊಪ್ಪೆಯ ಕೆಳಗೆ ಶರಾವತಿಯ ದಡದಲ್ಲಿ ಈ ಕಲ್ಲು ನನಗೆ ಸಿಕ್ಕಿತು.

ಹೊನ್ನಾವರದ ಗೆಳೆಯ ವಿಜ್ಞಾನದ ಅಧ್ಯಾಪಕ. ಅವನು ಅದನ್ನು ತಿರುಗಿಸಿ ನೋಡಿ, “ಇದು ಮರವಲ್ಲ ಮಾರಾಯ, ತುದಿಯನ್ನು ಸರಿಯಾಗಿ ನೋಡು” ಎಂದ. ನಾನು ನೋಡಲಿಲ್ಲ. ಕನ್ನಡ ಕಲಿಸುವ ನನಗೆ ಅದರಲ್ಲಿ ಒಂದು ಒಳ್ಳೆಯ ಉಪಮೆ ದೊರೆತಿತ್ತು. ‘ಮಣ್ಣಿನಡಿ ತಾಳ್ಮೆಯಿಂದಿದ್ದ ಮರವೂ ಕಲ್ಲಿನಂತೆ ಶಾಶ್ವತವಾಯಿತು’ ಎಂದು ತರಗತಿಯಲ್ಲಿ ಹೇಳುವಾಗ ಮಕ್ಕಳ ಕಣ್ಣರಳುವುದನ್ನು ಕಂಡು ನಾನೇ ಹಿಗ್ಗುತ್ತಿದ್ದೆ.

ನಿವೃತ್ತಿಯ ಬಳಿಕ ಮೂವರೂ ಕೂಡಿ ತಮಿಳುನಾಡಿನ ತಿರುವಕ್ಕರೈಗೆ ಹೋದೆವು. ವಿಳುಪ್ಪುರಂ ಜಿಲ್ಲೆಯ ಈ ಹಳ್ಳಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1940ರಲ್ಲಿ ಸ್ಥಾಪಿಸಿದ ಶಿಲಾಮರಗಳ ಉದ್ಯಾನವಿದೆ. ನನ್ನ ಕಲ್ಲನ್ನೂ ಚೀಲದಲ್ಲಿಟ್ಟುಕೊಂಡಿದ್ದೆ. ಗೆಳೆಯನ ಬಾಯಿ ಮುಚ್ಚಿಸಬೇಕೆಂಬ ಆಸೆ!

ಅಲ್ಲಿ ಕುರುಚಲು ಗಿಡಗಳ ನಡುವೆ ಮರದ ದಿಮ್ಮಿಗಳು ಮಲಗಿದ್ದವು. ಕೊಂಬೆಯಿಲ್ಲ, ಬೇರಿಲ್ಲ. ಎಲ್ಲಿಯೋ ಬೆಳೆದ ಮರಗಳನ್ನು ಪುರಾತನ ಪ್ರವಾಹವೊಂದು ಹೊತ್ತು ತಂದು ಮರಳಿನಲ್ಲಿ ಹೂತಿತೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಅವುಗಳ ವಯಸ್ಸು ಸುಮಾರು ಎರಡು ಕೋಟಿ ವರ್ಷ. ಗಾಳಿ ತಾಗದಂತೆ ಹೂತುಹೋದ ಮರ ಬೇಗನೆ ಕೊಳೆಯುವುದಿಲ್ಲ. ನೆಲದೊಳಗಿನ ನೀರು ತನ್ನಲ್ಲಿ ಕರಗಿದ ಸಿಲಿಕಾವನ್ನು ಮರದ ಕಣಕಣದೊಳಗೆ ತುಂಬುತ್ತ ಹೋಗುತ್ತದೆ. ಮರ ಅಳಿದರೂ ಅದರ ಒಳರಚನೆ ಕಲ್ಲಿನಲ್ಲಿ ಉಳಿಯುತ್ತದೆ. ಅಲ್ಲಿಂದ ಒಂದು ಚೂರನ್ನೂ ಒಯ್ಯುವಂತಿಲ್ಲ, ಕಣ್ಣಿನಿಂದಲೇ ಸಂಗ್ರಹಿಸಬೇಕು.

ಹೊನ್ನಾವರದ ಗೆಳೆಯ ಏನೂ ಹೇಳದೆ ಭೂತಗನ್ನಡಿಯನ್ನು ನನ್ನ ಕೈಗಿತ್ತ. ದಿಮ್ಮಿಯ ತುದಿಗೆ ಅದನ್ನು ಹಿಡಿದೆ. ಒಂದರ ಹೊರಗೊಂದು ಬಾಗಿದ ಬೆಳವಣಿಗೆಯ ಉಂಗುರಗಳು, ನೀರೇರುತ್ತಿದ್ದ ಸೂಕ್ಷ್ಮ ರಂಧ್ರಗಳು ಕಾಣಿಸಿದವು. ಬಳಿಕ ನನ್ನ ಕಲ್ಲಿನ ತುದಿಯನ್ನು ನೋಡಿದೆ. ಉಂಗುರವಿಲ್ಲ, ರಂಧ್ರವಿಲ್ಲ. ಗೆರೆಗಳು ಅಲ್ಲಿಯೂ ನೇರವಾಗಿ ಹಾಯ್ದಿದ್ದವು. ಬಿಳಿಯ ಹರಳುಗಳ ನಡುವೆ ಕಾಗೆಬಂಗಾರ ಮಿನುಗುತ್ತಿತ್ತು. ನನ್ನ ಮುಖ ಬಾಡಿತು. ಗೆಳೆಯ ನಗಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆಯನ್ನುಂಟುಮಾಡಿತು.

ಮರಳುವ ದಾರಿಯಲ್ಲಿ ಅವನೇ ಮಾತು ತೆಗೆದ. “ನಮ್ಮ ಕರಾವಳಿಯ ಮಳೆ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ತಿರುವಕ್ಕರೈಯಲ್ಲಿ ನೀರು ಸಿಲಿಕಾವನ್ನು ತಂದು ತುಂಬಿತು. ನಮ್ಮಲ್ಲಿ ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನಿಂದ ಸಿಲಿಕಾವನ್ನು ತೊಳೆದೊಯ್ದಿತು. ಕಬ್ಬಿಣ, ಅಲ್ಯೂಮಿನಿಯಮ್ ಉಳಿದವು. ಅದೇ ನಮ್ಮ ಮನೆಗಳ ಗೋಡೆಯ ಚಿರೇಕಲ್ಲು. ಆದರೆ ನಿನ್ನ ಕಲ್ಲು ಅದಲ್ಲ. ಅದು ನೀಸ್ ಎಂಬ ಪಟ್ಟೆಶಿಲೆ. ಘಟ್ಟದ ಈ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಅದು ಹುಟ್ಟಿದಾಗ ಭೂಮಿಯ ಮೇಲೆ ಮರವೆಂಬುದೇ ಇರಲಿಲ್ಲ!”

ನಾನು ಕಲ್ಲನ್ನು ಮತ್ತೆ ಕೈಗೆತ್ತಿಕೊಂಡೆ. ನಾನು ಕಟ್ಟಿದ ಕಥೆಗಿಂತ ಅದರ ನಿಜವಾದ ಕಥೆಯೇ ದೊಡ್ಡದಾಗಿತ್ತು. ಒಮ್ಮೆ ತುದಿಯನ್ನು ನೋಡಿದ್ದರೆ ಮೂವತ್ತು ವರ್ಷಗಳ ಹಿಂದೆಯೇ ಅದನ್ನು ಮಕ್ಕಳಿಗೆ ಹೇಳಬಹುದಾಗಿತ್ತು.

ಊರಿಗೆ ಬಂದೊಡನೆ ಒಂದು ಪತ್ರ ಬರೆಯಲು ಕುಳಿತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಧ್ಯಾಪಕನಾಗಿದ್ದಾನೆ. ‘ಸರ್, ನಿಮ್ಮ ಕಲ್ಲಾದ ಮರದ ಕಥೆಯನ್ನು ನಾನೂ ನನ್ನ ತರಗತಿಯಲ್ಲಿ ಹೇಳುತ್ತೇನೆ’ ಎಂದು ಹಿಂದೊಮ್ಮೆ ತಿಳಿಸಿದ್ದ. ಮೊದಲ ವಾಕ್ಯವನ್ನು ಬರೆಯಲು ಅರ್ಧ ಗಂಟೆ ಹಿಡಿಯಿತು: ‘ನಾನು ನಿನಗೆ ತಪ್ಪು ಕಲಿಸಿದೆ.’ ಮುಂದಿನದು ಸರಾಗವಾಗಿ ಬಂತು.

ಹತ್ತು ದಿನಗಳಲ್ಲಿ ಅವನ ಉತ್ತರ ಬಂತು. ಪತ್ರವನ್ನು ತರಗತಿಯಲ್ಲಿ ಓದಿ ಹೇಳಿದನಂತೆ. ಮಕ್ಕಳು ಆ ಕಲ್ಲನ್ನು ನೋಡಬೇಕೆಂದು ಹಟ ಹಿಡಿದಿದ್ದಾರಂತೆ. ಬರುವ ತಿಂಗಳು ಅವರು ನಮ್ಮ ಮನೆಗೆ ಬರಲಿದ್ದಾರೆ. ಕಲ್ಲಿನ ಪಕ್ಕದಲ್ಲಿ ಒಂದು ಭೂತಗನ್ನಡಿಯನ್ನೂ ತಂದಿಟ್ಟಿದ್ದೇನೆ.