ಹಿಮದಲ್ಲಿ ಕ್ರೌಂಚದರ್ಶನ

ಹಿಮವೆಂಬುದು ದಕ್ಷಿಣದವರಾದ ನಮಗೆ ಬಹುಮಟ್ಟಿಗೆ ಕಾವ್ಯದ ವಸ್ತು. ಹಿಮಾಲಯದ ವರ್ಣನೆಯನ್ನು ಓದಿ ಸಂತೋಷಪಡುವೆವು. ಮಾಗಿಯ ಬೆಳಗಿನಲ್ಲಿ ಹುಲ್ಲಿನ ಮೇಲಿನ ಇಬ್ಬನಿಯನ್ನು ಕಂಡು ಶಾಲನ್ನು ಬಿಗಿಯಾಗಿ ಹೊದ್ದುಕೊಳ್ಳುವೆವು. ಅಲ್ಲಿಗೆ ನಮ್ಮ ಚಳಿಯ ಅನುಭವವು ಮುಗಿಯಿತು. ವರುಷದಲ್ಲಿ ಹಲವು ತಿಂಗಳು ನೆಲವೇ ಕಾಣಿಸದ ನಾಡಿನಲ್ಲಿ ಹಕ್ಕಿಗಳು ಹೇಗೆ ಜೀವ ಹಿಡಿಯುವುವು, ಅವುಗಳ ನೆರೆಯಲ್ಲಿ ಮನುಷ್ಯರು ಹೇಗೆ ಬಾಳುವರು ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ೨೦೨೪ರ ಫೆಬ್ರವರಿ ತಿಂಗಳಲ್ಲಿ ನಾವು ಆರು ಮಂದಿ ಕ್ಯಾಮರಾಗಳನ್ನು ಹೊತ್ತು ಜಪಾನಿನ ಹೊಕ್ಕಾಯ್ಡೋ ದ್ವೀಪಕ್ಕೆ ಹೋದೆವು. ಅಲ್ಲಿ ಕಂಡುದನ್ನೂ, ಕಂಡುದರಿಂದ ನಮ್ಮ ಮನಸ್ಸಿನಲ್ಲೆದ್ದ ಒಂದು ಪ್ರಶ್ನೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಹೊಕ್ಕಾಯ್ಡೋ ಅತ್ಯಂತ ಉತ್ತರದ್ದು. ವಿಸ್ತಾರದಲ್ಲಿ ಸುಮಾರು ೮೩,೦೦೦ ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಕಡಮೆ. ಅದರ ಪೂರ್ವಭಾಗದಲ್ಲಿ ಕುಶಿರೋ ಎಂಬ ಪಟ್ಟಣವೂ, ಅದನ್ನು ಒತ್ತಿಕೊಂಡು ಬಹುದೊಡ್ಡದೊಂದು ಜೌಗುಭೂಮಿಯೂ ಇವೆ. ಆ ಜೌಗಿನ ಅಂಚಿನ ಹಳ್ಳಿಗೆ ತ್ಸುರುಯಿ ಎಂದು ಹೆಸರು. ಕ್ರೌಂಚಗಳಿರುವ ಊರು ಎಂದು ಅದರ ಅರ್ಥವಂತೆ. ನಮ್ಮ ಗುಂಪಿನಲ್ಲಿ ಎರಡು ದಂಪತಿಗಳೂ, ಒಬ್ಬ ತರುಣನೂ, ಶಾಲೆಯ ಕೆಲಸದಿಂದ ನಿವೃತ್ತರಾದ ಒಬ್ಬ ಮೇಷ್ಟ್ರೂ ಇದ್ದರು. ಆರು ಮಂದಿಗಿಂತ ಹೆಚ್ಚು ಜನರನ್ನು ಕರೆದೊಯ್ಯುವುದಿಲ್ಲವೆಂಬುದು ಅಲ್ಲಿಯ ಮಾರ್ಗದರ್ಶಿಯ ನಿಯಮ. ಒಂದು ವ್ಯಾನಿನಲ್ಲಿ ಹಿಡಿಸುವಷ್ಟು ಜನರಾದರೆ ಹಕ್ಕಿಗಳೂ ಸಹಿಸಿಕೊಳ್ಳುವುವು, ಊರಿನವರೂ ಸಹಿಸಿಕೊಳ್ಳುವರು ಎಂದು ಆತನು ಮೊದಲ ದಿನವೇ ನಗುತ್ತ ಹೇಳಿದನು.

ಚಳಿಯಲ್ಲಿ ಚಿತ್ರ ತೆಗೆಯುವ ಕೆಲಸವು ಮನೆಯಲ್ಲಿ ಕುಳಿತು ಊಹಿಸಿದಷ್ಟು ಸುಲಭವಲ್ಲ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ಶೀತದಲ್ಲಿ ಮಂದವಾಗುವುದರಿಂದ ತುಂಬಿದ ಬ್ಯಾಟರಿಯೂ ಬೇಗನೆ ಬರಿದಾದಂತೆ ತೋರುವುದು. ಅದನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಜೀವ ಬರುವುದು. ಹೊರಗಿನ ಚಳಿಯಿಂದ ಬೆಚ್ಚನೆಯ ಕೋಣೆಯೊಳಕ್ಕೆ ಕ್ಯಾಮರಾವನ್ನು ನೇರವಾಗಿ ತಂದರೆ, ತಣ್ಣೀರಿನ ಚೆಂಬಿನ ಮೇಲೆ ಬೆವರು ಕಟ್ಟುವಂತೆ ಅದರ ಮೇಲೂ ನೀರು ಕಟ್ಟುವುದು. ಆದುದರಿಂದ ಹೊರಗಿರುವಾಗಲೇ ಅದನ್ನು ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಒಳಕ್ಕೆ ತಂದು ಕೆಲವು ಗಂಟೆಗಳ ಮೇಲೆ ತೆರೆಯಬೇಕು. ಇನ್ನೊಂದು ವಿಚಿತ್ರವುಂಟು. ಕ್ಯಾಮರಾ ಬೆಳಕನ್ನು ಅಳೆಯುವಾಗ ಎದುರಿನ ನೋಟವೆಲ್ಲ ನಡುಮಟ್ಟದ ಬೂದುಬಣ್ಣದ್ದೆಂದು ಎಣಿಸುವುದು. ಹಿಮದ ಮೇಲೆ ಹಾಗೆಯೇ ಬಿಟ್ಟರೆ ಬೆಳ್ಳನೆಯ ಬಯಲು ಮಾಸಿದ ಪಂಚೆಯಂತೆ ಮೂಡುವುದು. ಅಳತೆಗಿಂತ ಹೆಚ್ಚು ಬೆಳಕನ್ನು ನಾವೇ ಬೇಕೆಂದು ಒಳಕ್ಕೆ ಬಿಟ್ಟರೆ ಮಾತ್ರ ಬಿಳುಪು ಬಿಳುಪಾಗಿ ಬರುವುದು.

ತ್ಸುರುಯಿ ಹಳ್ಳಿಯ ಸೆತ್ಸುರಿ ಎಂಬ ಹೊಳೆಗೆ ಒತೋವಾ ಎಂಬ ಸೇತುವೆಯಿದೆ. ಸೂರ್ಯೋದಯಕ್ಕೆ ಬಹಳ ಮುಂಚೆಯೇ ನಾವು ಅಲ್ಲಿ ಹೋಗಿ ನಿಂತೆವು. ಉಷ್ಣಮಾನವು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ಇಳಿದಿತ್ತು; ಮೂಗಿನೊಳಗಿನ ಉಸಿರೇ ಹರಳುಗಟ್ಟಿದಂತಾಗುತ್ತಿತ್ತು. ಆದರೆ ನೆಲದೊಳಗಿನ ಊಟೆಯ ನೀರು ಸೇರುವುದರಿಂದ ಈ ಹೊಳೆಯು ಹೆಪ್ಪುಗಟ್ಟುವುದಿಲ್ಲ. ಸುತ್ತಲಿನ ಗಾಳಿಗಿಂತ ಈ ನೀರೇ ಬೆಚ್ಚಗಾದುದರಿಂದ, ಒಲೆಯ ಮೇಲಿನ ಹಂಡೆಯಿಂದ ಏಳುವಂತೆ ಹಬೆಯೇಳುತ್ತಿತ್ತು. ಆ ಹಬೆಯು ದಡದ ಮರಗಳ ಕೊಂಬೆಕೊಂಬೆಯ ಮೇಲೂ ಬೆಳ್ಳನೆಯ ಹರಳಾಗಿ ಕುಳಿತಿತ್ತು. ಬೆಳಕು ಹರಿಯುತ್ತಿದ್ದಂತೆ, ಹೊಳೆಯ ನಡುವೆ ಕಂಬಗಳಂತೆ ತೋರುತ್ತಿದ್ದವುಗಳು ಒಂದೊಂದಾಗಿ ಕತ್ತನ್ನು ಹೊರಕ್ಕೆ ತೆಗೆದುವು. ಅವು ಕ್ರೌಂಚಗಳು. ನರಿಯ ಭಯವಿಲ್ಲದೆ ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಂತು ರಾತ್ರಿಯನ್ನು ಕಳೆದಿದ್ದುವು.

ಈ ಹಕ್ಕಿಗೆ ಜಪಾನೀಯರು ತಾಂಚೋ ಎನ್ನುವರು. ಆ ದ್ವೀಪದ ಮೂಲನಿವಾಸಿಗಳಾದ ಐನು ಜನರ ಮಾತಿನಲ್ಲಿ ಅದು ಸರುರುನ್ ಕಮುಯ್, ಎಂದರೆ ಜೌಗಿನ ದೇವರು. ಎತ್ತರವು ಸುಮಾರು ಒಂದೂವರೆ ಮೀಟರ್; ನಮ್ಮ ಮನೆಯ ಹತ್ತು ಹನ್ನೆರಡು ವರುಷದ ಮಕ್ಕಳ ಸಮಕ್ಕೆ ನಿಲ್ಲುವುದು. ಮೈ ಬಿಳುಪು, ಕತ್ತು ಕಪ್ಪು, ನೆತ್ತಿಯಲ್ಲಿ ಕುಂಕುಮವಿಟ್ಟಂತೆ ಕೆಂಪು. ಆ ಕೆಂಪು ಗರಿಯದಲ್ಲ, ಬರಿಯ ಚರ್ಮದ್ದು. ಹಿಂದೆ ಕಪ್ಪಗೆ ಜೋಲುವುದನ್ನು ನಾವೆಲ್ಲರೂ ಬಾಲವೆಂದೇ ತಿಳಿದಿದ್ದೆವು. ಹಕ್ಕಿಯು ರೆಕ್ಕೆಯನ್ನು ಬಿಚ್ಚಿದಾಗ ಅದು ರೆಕ್ಕೆಯ ಗರಿಯೆಂದೂ, ಬಾಲವು ಅಚ್ಚ ಬಿಳುಪೆಂದೂ ಕಂಡಿತು. ಗಂಡು ಹೆಣ್ಣುಗಳು ಜೊತೆಯಾಗಿ ಕೊರಳೆತ್ತಿ ಕೂಗುವುವು. ಗಂಡು ಒಂದು ಸಲ ಕೂಗಿದರೆ ಹೆಣ್ಣು ಎರಡು ಸಲ ಉತ್ತರ ಕೊಡುವುದು. ಆ ಚಳಿಯಲ್ಲಿ ಕೂಗಿನೊಡನೆ ಉಸಿರೂ ಬೆಳ್ಳನೆಯ ಹೊಗೆಯಾಗಿ ಮೇಲೇಳುವುದನ್ನು ಕಂಡಾಗ, ಆದಿಕವಿಯ ಕರುಣೆಯನ್ನು ಕಲಕಿದ ಹಕ್ಕಿಯೂ ಈ ಕುಲದ್ದೇ ಎಂದು ಪಂಡಿತರು ಹೇಳುವ ಮಾತು ನಮ್ಮ ನೆನಪಿಗೆ ಬಂದಿತು.

ಅಷ್ಟರಲ್ಲಿ ನಮ್ಮ ತರುಣನು, "ಒಂದು ಸಲ ಚಪ್ಪಾಳೆ ತಟ್ಟಿದರೆ ಎಲ್ಲವೂ ಒಟ್ಟಿಗೆ ಹಾರುವುವು, ಅಲ್ಲವೆ ಮೇಷ್ಟ್ರೇ? ಚಿತ್ರವು ಬಹಳ ಚೆನ್ನಾಗಿ ಬಂದೀತು," ಎಂದನು. ಮೇಷ್ಟ್ರು ಕ್ಯಾಮರಾದಿಂದ ಕಣ್ಣು ತೆಗೆಯದೆ, "ಈಗತಾನೆ ನಿದ್ದೆಯಿಂದೆದ್ದ ಕೂಸನ್ನು ಹೆದರಿಸಿ ಚಿತ್ರ ತೆಗೆಯುತ್ತೀಯೇನಪ್ಪಾ?" ಎಂದರು. ಮಾರ್ಗದರ್ಶಿಯು ವಿವರಿಸಿದನು. ಚಳಿಗಾಲದ ಹಗಲು ಚಿಕ್ಕದು, ಆಹಾರವು ಅಪರೂಪ. ಹೆದರಿ ಹಾರಿದ ಪ್ರತಿಯೊಂದು ಸಲವೂ ಹಕ್ಕಿಯು ಕೂಡಿಟ್ಟ ಶಕ್ತಿಯಿಂದ ಒಂದು ಪಾಲನ್ನು ವ್ಯಯಮಾಡುವುದು. ಹೊತ್ತೇರಿದ ಮೇಲೆ ಅವು ತಮ್ಮಷ್ಟಕ್ಕೆ ತಾವೇ ಎರಡು ಮೂರಾಗಿ ಎದ್ದು, ನಮ್ಮ ತಲೆಯ ಮೇಲೆಯೇ ಹಾರಿ ಹೋದುವು. ತರುಣನಿಗೆ ಬೇಕಾಗಿದ್ದ ಚಿತ್ರವೂ ಸಿಕ್ಕಿತು.

ಈ ಹಕ್ಕಿಗಳು ಇಂದು ಅಲ್ಲಿ ಇರುವುದೇ ಒಂದು ಆಶ್ಚರ್ಯ. ಹಿಂದಿನ ಪ್ರಭುಗಳ ಕಾಲದಲ್ಲಿ ಕ್ರೌಂಚವನ್ನು ಸಾಮಾನ್ಯರು ಕೊಲ್ಲುವಂತಿರಲಿಲ್ಲ. ೧೮೬೮ರಲ್ಲಿ ರಾಜ್ಯಪದ್ಧತಿಯು ಬದಲಾದ ಮೇಲೆ ಬೇಟೆಗೆ ತಡೆಯಿಲ್ಲದೆ ಹೋಯಿತು. ಜೌಗನ್ನು ಒಣಗಿಸಿ ಹೊಲಗಳನ್ನು ಮಾಡಿದರು. ಈ ಜಾತಿಯು ಜಪಾನಿನಲ್ಲಿ ಅಳಿದೇಹೋಯಿತೆಂದು ಎಲ್ಲರೂ ತಿಳಿದಿದ್ದಾಗ, ೧೯೨೪ರಲ್ಲಿ ಕುಶಿರೋ ಜೌಗಿನೊಳಗೆ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡುಬಂದುವು. ೧೯೩೫ರಲ್ಲಿ ಸರಕಾರವು ಅವುಗಳಿಗೆ ರಕ್ಷಣೆ ಕೊಟ್ಟಿತು. ಆದರೂ ಸಂತತಿಯು ಹೆಚ್ಚಲಿಲ್ಲ. ೧೯೫೨ರಲ್ಲಿ ಎಣಿಸಿದಾಗ ದೊರೆತುವು ೩೩ ಮಾತ್ರ. ಆ ಕಾಲದ ಕಡುಚಳಿಯಲ್ಲಿ ಜೌಗೆಲ್ಲವೂ ಹೆಪ್ಪುಗಟ್ಟಿ, ಹಸಿದ ಹಕ್ಕಿಗಳು ಹೊಲಗಳ ಬಳಿಗೆ ಬಂದುವು. ಅಲ್ಲಿಯ ರೈತರು ತಮ್ಮ ದನಗಳಿಗೆಂದು ಕೂಡಿಟ್ಟ ಮೆಕ್ಕೆಜೋಳದಲ್ಲಿ ಒಂದು ಪಾಲನ್ನು ಹಿಮದ ಮೇಲೆ ಚೆಲ್ಲಿದರು. ಶಾಲೆಯ ಮಕ್ಕಳೂ ಕೈಗೂಡಿಸಿದರು. ಹಕ್ಕಿಗಳು ತಿಂದುವು, ಬದುಕಿದುವು, ಮರುವರುಷ ಮರಿಗಳೊಡನೆ ಬಂದುವು. ಅಂದು ೩೩ ಆಗಿದ್ದ ಸಂಖ್ಯೆಯು ಇಂದು ಒಂದೂವರೆ ಸಾವಿರವನ್ನು ಮೀರಿದೆ. ಕಾನೂನು ಬೇಟೆಯನ್ನು ನಿಲ್ಲಿಸಿತು. ಆದರೆ ಚಳಿಗಾಲವನ್ನು ದಾಟಿಸಿದುದು ರೈತನ ಕಣಜದ ಕಾಳು.

ಹಾಗೆ ಕಾಳು ಹಾಕುತ್ತಿದ್ದ ರೈತರೊಬ್ಬರ ಜಮೀನಿನ ಬಳಿ ಜಪಾನಿನ ಪಕ್ಷಿಸಂಘದವರು ೧೯೮೭ರಲ್ಲಿ ಒಂದು ರಕ್ಷಣಾಸ್ಥಾನವನ್ನು ಏರ್ಪಡಿಸಿದರು. ನಾವು ಅಲ್ಲಿ ಬೇಲಿಯ ಹೊರಗೆ ನಿಂತು ಎರಡು ದಿನ ನೋಡಿದೆವು. ತಂದೆ ತಾಯಿಗಳ ನಡುವೆ ಕಂದುಬಣ್ಣದ ತಲೆಯ ಮರಿಯೊಂದು ನಿಂತು, ಹಿರಿಯರು ಕುಣಿದುದನ್ನು ನೋಡಿ ತಾನೂ ಕಾಲೆತ್ತಿ ಕುಣಿಯಲು ಹೋಗಿ ಹಿಮದಲ್ಲಿ ಮುಗ್ಗರಿಸಿದಾಗ, ಅಲ್ಲಿದ್ದ ಹತ್ತು ದೇಶದ ಜನರೂ ಒಂದೇ ಭಾಷೆಯಲ್ಲಿ ನಕ್ಕರು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ೨೦೧೫ರ ಸುಮಾರಿನಿಂದ ಜಪಾನಿನ ಪರಿಸರ ಇಲಾಖೆಯು ತಾನು ಹಾಕಿಸುವ ಕಾಳನ್ನು ವರುಷವರುಷವೂ ಕಡಮೆಮಾಡುತ್ತ ಬಂದಿದೆ. ಸಾವಿರಾರು ಹಕ್ಕಿಗಳು ಕೆಲವೇ ಸ್ಥಳಗಳಲ್ಲಿ ಗುಂಪುಗೂಡಿದರೆ ಒಂದಕ್ಕೆ ತಗುಲಿದ ರೋಗವು ಎಲ್ಲಕ್ಕೂ ಹರಡೀತು. ಕಾಳಿನ ರುಚಿ ಹತ್ತಿದ ಹಕ್ಕಿಗಳು ಕೊಟ್ಟಿಗೆಗೂ ಹೊಲಕ್ಕೂ ನುಗ್ಗಿ ರೈತರಿಗೆ ನಷ್ಟಮಾಡುವುವು. ಹಿಂದೆ ತಮ್ಮ ಪೂರ್ವಜರಿದ್ದ ದ್ವೀಪದ ಬೇರೆ ಭಾಗಗಳಿಗೂ ಅವು ಚದರಿ ಹೋಗಬೇಕು ಎಂಬಿವೇ ಕಾರಣಗಳು. ನಾವು ಚಹ ಕುಡಿದ ಒಂದು ರೈತನ ಮನೆಯಲ್ಲಿ, ಮದುವೆಯಾಗಿ ಬಂದಂದಿನಿಂದ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದ ಮುದುಕಿಯೊಬ್ಬರಿದ್ದರು. ಈ ವಿಷಯವನ್ನು ಕೇಳಿದಾಗ ಅವರು ಹೇಳಿದುದನ್ನು ಮಾರ್ಗದರ್ಶಿಯು ನಮಗೆ ತಿಳಿಸಿದನು: "ಮಕ್ಕಳು ದೊಡ್ಡವರಾದ ಮೇಲೆ ಇನ್ನೂ ತುತ್ತುಮಾಡಿ ಹಾಕುವುದು ಸರಿಯಲ್ಲ, ಅದು ನನಗೂ ಗೊತ್ತು. ಆದರೂ ದೊಡ್ಡ ಹಿಮ ಬಿದ್ದ ರಾತ್ರಿ ನಿದ್ದೆ ಬರುವುದಿಲ್ಲ." ನಮ್ಮೊಡನಿದ್ದ ಗೃಹಿಣಿಯೊಬ್ಬರು, "ನಿಜ ತಾಯಿ, ಹಾಲು ಬಿಡಿಸುವಾಗ ಅಳುವುದು ಕೂಸೊಂದೇ ಅಲ್ಲ," ಎಂದರು. ಆ ಮಾತನ್ನು ಜಪಾನೀ ಭಾಷೆಗೆ ತಿರುಗಿಸಿ ಹೇಳುವಾಗ ಮಾರ್ಗದರ್ಶಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಮುದುಕಿಗೆ ಅದು ಅರ್ಥವಾದುದು ಅವರ ಮುಖದಲ್ಲಿಯೇ ಕಂಡಿತು.

ತ್ಸುರುಯಿಯಿಂದ ನಾವು ಉತ್ತರಕ್ಕೆ ಹೊರಟೆವು. ದಾರಿಯಲ್ಲಿ ಕುಶ್ಶಾರೋ ಸರೋವರವು ಸಿಕ್ಕಿತು. ಅದರ ಮೇಲ್ಮೈಯು ಹೆಪ್ಪುಗಟ್ಟಿದ್ದರೂ ದಡದ ಬಿಸಿನೀರಿನ ಊಟೆಗಳ ಬಳಿ ಸೈಬೀರಿಯಾದ ಹಂಸಗಳು ಈಜುತ್ತಿದ್ದುವು. ಇನ್ನೊಂದೆಡೆ ಕೆಂಬಣ್ಣದ ನರಿಯೊಂದು ಹಿಮದಿಂದೆದ್ದು ಬಂದು ನಮ್ಮ ವ್ಯಾನಿನ ಬಾಗಿಲ ಬಳಿ ನಿಂತು, ಬೀದಿಯ ನಾಯಿಯಂತೆ ಮುಖವೆತ್ತಿ ನೋಡಿತು. ಯಾರೋ ಬಿಸ್ಕತ್ತಿನ ಪೊಟ್ಟಣಕ್ಕೆ ಕೈಹಾಕಿದರು. ಮಾರ್ಗದರ್ಶಿಯು ಕೂಡಲೆ ತಡೆದು, ವ್ಯಾನನ್ನು ಮುಂದಕ್ಕೆ ಬಿಟ್ಟನು. ಹಾಗೆ ತಿನ್ನಲು ಕಲಿತ ನರಿಗಳು ರಸ್ತೆಯನ್ನು ಬಿಡದೆ ನಿಂತು ಗಾಡಿಗಳಿಗೆ ಸಿಕ್ಕಿ ಸಾಯುವುವು. ಅಲ್ಲದೆ ಅಲ್ಲಿಯ ನರಿಗಳಿಂದ ಮನುಷ್ಯರ ಯಕೃತ್ತಿಗೆ ಅಂಟುವ ಒಂದು ಹುಳುವಿನ ರೋಗವೂ ಉಂಟು.

ಪ್ರವಾಸದ ಕೊನೆಯ ಸ್ಥಳವು ಶಿರೆತೊಕೋ ಪರ್ಯಾಯದ್ವೀಪದ ರಾವುಸು ಎಂಬ ಮೀನುಗಾರರ ಊರು. ೨೦೦೫ರಲ್ಲಿ ಲೋಕದ ಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿದ ಪ್ರದೇಶವಿದು. ಚಳಿಗಾಲದಲ್ಲಿ ಒಖೋಟ್ಸ್ಕ್ ಸಮುದ್ರದ ಮಂಜುಗಡ್ಡೆಗಳು ತೇಲುತ್ತ ಇಲ್ಲಿಯವರೆಗೂ ಬರುವುವು. ಅವುಗಳೊಡನೆ ಸ್ಟೆಲ್ಲರನ ಸಮುದ್ರದ ಹದ್ದುಗಳೂ ಬರುವುವು. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರಿನವರೆಗೆ ಅಗಲ, ಹಳದಿಯ ಭಾರಿ ಕೊಕ್ಕು. ರಷ್ಯದ ಪೂರ್ವತೀರವನ್ನು ಬಿಟ್ಟು ಬೇರೆಲ್ಲಿಯೂ ಗೂಡು ಕಟ್ಟದ ಹಕ್ಕಿ. ಛಾಯಾಗ್ರಾಹಕರನ್ನು ಕೂರಿಸಿಕೊಂಡ ದೋಣಿಗಳು ಬೆಳಗಿನ ಜಾವದಲ್ಲಿ ಹೊರಟು, ಗಡ್ಡೆಗಳ ಮೇಲೆ ಮೀನುಗಳನ್ನು ಎಸೆಯುವುವು, ಹದ್ದುಗಳು ಎರಗುವುವು, ಕ್ಯಾಮರಾಗಳು ಟಪಟಪನೆ ಸದ್ದುಮಾಡುವುವು.

ದೋಣಿ ಹತ್ತಬೇಕೇ ಬೇಡವೇ ಎಂದು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಕ್ರೌಂಚಕ್ಕೆ ಹಾಕಿದುದು ಹಸಿವಿಗಾಗಿ, ಇಲ್ಲಿ ಹಾಕುವುದು ಚಿತ್ರಕ್ಕಾಗಿ. ನಾನು ಬರಲಾರೆ," ಎಂದರು ಮೇಷ್ಟ್ರು. ಗಡ್ಡೆಗಳು ಕಡಲನ್ನು ಮುಚ್ಚಿದಾಗ ಮೀನು ಹಿಡಿಯಲಾಗದ ಊರಿಗೆ ಈ ದೋಣಿಯ ಬಾಡಿಗೆಯೇ ಅನ್ನವಲ್ಲವೆ, ಹದ್ದಿನಿಂದ ಹೊಟ್ಟೆ ತುಂಬಿದವರು ಹದ್ದನ್ನು ಕಾಯುವುದಿಲ್ಲವೆ ಎಂಬುದು ತರುಣನ ವಾದ. ಎರಡು ಮಾತಿನಲ್ಲಿಯೂ ಹುರುಳಿತ್ತು. ಐವರು ಹತ್ತಿದೆವು, ಮೇಷ್ಟ್ರು ಬಂದರಿನ ಗೋಡೆಯ ಬಳಿಯೇ ಉಳಿದರು. ಎದುರಿನ ದ್ವೀಪದ ಹಿಂದಿನಿಂದ ಸೂರ್ಯನೇಳುತ್ತಿರಲು ಕೆಂಪಾದ ಗಡ್ಡೆಯ ಮೇಲೆ ಹತ್ತಾರು ಹದ್ದುಗಳು ಕಾದಾಡಿದುದನ್ನು ನಾವು ಕೈಯೆಟುಕಿನಲ್ಲೆಂಬಂತೆ ಕಂಡೆವು. ಅದರ ವೈಭವವನ್ನು ಅಲ್ಲವೆನ್ನಲಾರೆವು. ಸಂಜೆ ಚಿತ್ರಗಳನ್ನು ಒಟ್ಟಿಗೆ ನೋಡಿದೆವು. ನಮ್ಮ ಐವರ ಚಿತ್ರಗಳು ಒಂದನ್ನೊಂದು ಹೋಲುತ್ತಿದ್ದುವು. ಎಲ್ಲದರಲ್ಲಿಯೂ ಎಸೆದ ಮೀನಿತ್ತು. ಮೇಷ್ಟ್ರದು ಒಂದೇ ಚಿತ್ರ: ಬಿಳಿಯ ಬೆಟ್ಟ, ಅದರ ಮೇಲೊಂದು ಬೋಳುಮರ, ಮರದಲ್ಲಿ ಚುಕ್ಕೆಯಂತೆ ಕುಳಿತ ಹದ್ದು. "ನನ್ನದರಲ್ಲಿ ಹಕ್ಕಿ ಚಿಕ್ಕದಾಯಿತು," ಎಂದು ಅವರೇ ನಕ್ಕರು. ಆದರೆ ಆ ಹಕ್ಕಿಯು ಎಂತಹ ನಾಡಿನಲ್ಲಿ ಬದುಕುತ್ತಿದೆಯೆಂಬುದು ಆ ಚಿತ್ರದಲ್ಲಿಯೇ ಕಾಣಿಸುತ್ತಿತ್ತು. ಆ ಸಮುದ್ರಕ್ಕೆ ಬರುವ ಗಡ್ಡೆಗಳು ದಶಕದಿಂದ ದಶಕಕ್ಕೆ ಕಡಮೆಯಾಗುತ್ತಿರುವ ಈ ಕಾಲದಲ್ಲಿ ಆ ನಾಡಿನ ಚಿತ್ರಕ್ಕೂ ಬೆಲೆಯಿದೆ.

ಕಾಡುಪ್ರಾಣಿಗೆ ಉಣ್ಣಲಿಕ್ಕುವುದು ಪುಣ್ಯವೋ ಪಾಪವೋ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನ ಉತ್ತರವನ್ನು ನಾವು ಹೇಳಲಾರೆವು. ಕ್ರೌಂಚವನ್ನು ಉಳಿಸಿದುದು ಹಿಡಿ ಕಾಳು. ನರಿಯನ್ನು ಕೊಲ್ಲುವುದು ಒಂದು ಬಿಸ್ಕತ್ತು. ಕೊಡುವ ಕೈಯು ಯಾರ ಹಸಿವನ್ನು ನೋಡಿ ಮುಂದಕ್ಕೆ ಚಾಚಿತು, ಹಿಂದೆಗೆಯುವ ಕಾಲ ಬಂದಾಗ ಹಿಂದೆಗೆಯಬಲ್ಲುದೆ ಎಂಬೆರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳಬಹುದು. ಮಕ್ಕಳನ್ನು ಸಾಕಿದ ಗೃಹಸ್ಥರಿಗೆ ಇದು ಹೊಸ ಮಾತಲ್ಲ.

ಇದಕ್ಕಾಗಿ ಹಿಮದ ನಾಡಿನವರೆಗೂ ಹೋಗಬೇಕಾದುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಯ ಮರಗಳಲ್ಲಿಯೇ ಗೂಡುಕಟ್ಟುವುವು. ಊರಿನವರು ಆ ಗದ್ದಲವನ್ನು ತಲೆತಲಾಂತರದಿಂದ ಸಹಿಸಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಡುವವರೂ ಅಲ್ಲಿದ್ದಾರೆ. ಮರಿಗಳಿರುವ ಕಾಲದಲ್ಲಿ ವಾಚಕರು ಮಕ್ಕಳೊಡನೆ ಕ್ಯಾಮರಾ ಹಿಡಿದು ಅಲ್ಲಿಗೆ ಹೋದರೆ, ಮರದ ಬುಡಕ್ಕೆ ನುಗ್ಗದೆ ದೂರದಲ್ಲಿ ನಿಲ್ಲಲಿ, ಚಪ್ಪಾಳೆ ತಟ್ಟದಿರಲಿ, ಆ ಮರಗಳ ಒಡೆಯರೊಡನೆ ನಾಲ್ಕು ಮಾತನಾಡಿ ಬರಲಿ. ಚಿತ್ರದಲ್ಲಿ ಹಕ್ಕಿಯು ತುಸು ಚಿಕ್ಕದಾದರೂ ಚಿಂತೆಯಿಲ್ಲ.